ಹೆಂಚಿನ ಇಸ್ಮಾಯಿಲ್ ಸಾಬರ ಆರು ಬಾಡಿಗೆ ಮನೆಗಳು

ಇಸ್ಮಾಯಿಲ್ ಸಾಬರ ಸಂಸಾರದಲ್ಲಿ ನನಗೆ ಮೊದಲು ಪರಿಚಯವಾದದ್ದು ಅವರ ಕೆಂಪು ಕೋಳಿ. ಐವತ್ತೆಂಟನೇ ಇಸವಿಯಲ್ಲಿ ನಮ್ಮ ಯಜಮಾನರು ಚಂದ್ರಯ್ಯನವರಿಗೆ ಆಲೂರಿನ ತಾಲ್ಲೂಕು ಕಚೇರಿಗೆ ವರ್ಗವಾಗಿ, ಪರಮಶಿವಯ್ಯನವರ ಸಾಲುಮನೆಯಲ್ಲಿ ಮೂರನೆಯದನ್ನು ಬಾಡಿಗೆಗೆ ಹಿಡಿದಿದ್ದೆವು. ಸಾಮಾನು ಇಳಿಸಿ, ಒಲೆ ಸಾರಿಸಿ, ಹಾಲು ಉಕ್ಕಿಸಬೇಕು ಎನ್ನುವ ಹೊತ್ತಿಗೆ ಕೋಳಿಯೊಂದು ಗತ್ತಿನಿಂದ ಒಳಗೆ ಬಂತು. ನನ್ನನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ಒಲೆಯ ಪಕ್ಕದ ಮೂಲೆಯಲ್ಲಿ ಕೂತುಬಿಟ್ಟಿತು. ಲಿಂಗಾಯತರ ಅಡುಗೆಮನೆಯಲ್ಲಿ ಕೋಳಿ! ನಾನು ಪೊರಕೆ ಹಿಡಿದು ಎಷ್ಟು ಕುಣಿದರೂ ಅದು ಕದಲಲಿಲ್ಲ, ಮೊಟ್ಟೆ ಇಟ್ಟ ಮೇಲೇ ಎದ್ದಿತು.

ಅದರ ಹಿಂದೆಯೇ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಬಂದಳು. ನನ್ನದೇ ವಯಸ್ಸು, ಮೂವತ್ತರ ಆಸುಪಾಸು.

"ಬೇಜಾರ್ ಮಾಡ್ಕಬೇಡಿ ಅಮ್ಮಾವ್ರೆ. ಹೋದ ವಾರದ ತಂಕ ಇದು ನಮ್ಮನೇನೇ. ನಾವು ಪಕ್ಕದ ಮನೆಗೆ ಹೋಗಿರೋದು ಇದಕ್ಕೆ ಇನ್ನೂ ಗೊತ್ತಾಗಿಲ್ಲ" ಎಂದು ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಹೋಗುವಾಗ ತಲೆ ಎತ್ತಿ ನಮ್ಮ ಸೂರನ್ನು ನೋಡಿದಳು. "ಆ ನಕ್ಷತ್ರದ ಮುದ್ರೆ ಹೆಂಚು ಐತಲ್ಲ, ಅದು ಹೆಗ್ಗದ್ದೆ ಬಂಗಲೇದು. ಆನೆ ಮುದ್ರೆಯವು ಕೆ. ಹೊಸಕೋಟೆ ಕಡೆ ಕಾಫಿ ಸ್ಟೋರಿನವು. ಎಲ್ಲಾ ನಮ್ಮವೇ. ಚೆನ್ನಾಗಿ ಮಲಿಕೊಳ್ಳಿ, ಒಂದು ತೊಟ್ಟೂ ಸೋರಲ್ಲ" ಎಂದಳು.

ಅವಳು ಜೈನಾಬಿ. ಅವಳ ಗಂಡ ಮಹಮ್ಮದ್ ಇಸ್ಮಾಯಿಲ್ ಊರಿಗೊಬ್ಬರೇ ಹೆಂಚಿನ ಕೆಲಸದವರು. ಹೊಸ ಮನೆಗೆ ಹೆಂಚು ಹೊದಿಸುವುದು, ಮಳೆಗಾಲಕ್ಕೆ ಮೊದಲು ಹಳೆ ಮನೆಗಳ ಹೆಂಚು ಕೈಯಾಡಿಸುವುದು, ಸುತ್ತಲಿನ ಎಸ್ಟೇಟುಗಳಲ್ಲಿ ಲೈನ್ ಮನೆಗಳ ಸೂರು ಬದಲಿಸುವುದು, ಎಲ್ಲಕ್ಕೂ ಅವರೇ ಬೇಕು. ಉದ್ದನೆಯ ಆಳು. ದಾರಿಯಲ್ಲಿ ಜನರ ಮುಖ ನೋಡುತ್ತಿರಲಿಲ್ಲ, ಮನೆಗಳ ಸೂರು ನೋಡಿಕೊಂಡು ನಡೆದು ಎಡವುತ್ತಿದ್ದರು. ಯಾರಾದರೂ ನಮಸ್ಕಾರ ಎಂದರೆ "ನಿಮ್ಮ ಬಚ್ಚಲ ಕಡೆ ಎರಡು ಹೆಂಚು ಜಾರೈತೆ, ನೋಡಿದ್ರಾ?" ಎಂದು ಕೇಳುವ ಪೈಕಿ. ಎಸ್ಟೇಟಿನವರು ಕೂಲಿಯ ಒಂದು ಭಾಗವನ್ನು ದುಡ್ಡಿನಲ್ಲಿ ಕೊಟ್ಟು, ಇನ್ನೊಂದು ಭಾಗಕ್ಕೆ ಕೆಲಸದಲ್ಲಿ ಮಿಕ್ಕ ಹೆಂಚು, ಬಿಚ್ಚಿದ ಹಳೆ ಹೆಂಚು ಕೊಟ್ಟು ಕಳಿಸುತ್ತಿದ್ದರು. ಹಾಗಾಗಿ ಅವರ ಬಳಿ ಇದ್ದದ್ದೆಲ್ಲ ಕಲಬೆರಕೆ ಹೆಂಚು, ಒಂದರ ಹೊಟ್ಟೆಯಲ್ಲಿ ಆನೆ, ಇನ್ನೊಂದರದಲ್ಲಿ ನವಿಲು, ಮತ್ತೊಂದರಲ್ಲಿ ದೋಣಿ. ನಾವು ಅಂಗಾತ ಮಲಗಿದರೆ ಅವೆಲ್ಲ ಕಾಣುತ್ತಿದ್ದವು.

ಇಂಥ ಮನುಷ್ಯನಿಗೆ ಸ್ವಂತ ಮನೆ ಇರಲಿಲ್ಲ. ಬಾಡಿಗೆ ಮನೆಯಾದರೂ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಯಾಕೆ ಎಂದು ಜೈನಾಬಿ ಒಂದು ದಿನ ಮೊಟ್ಟೆಗಾಗಿ ಕಾಯುತ್ತಾ ನಮ್ಮ ಹೊಸಿಲ ಮೇಲೆ ಕೂತು ಹೇಳಿದಳು. ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ನಡೆದದ್ದು ಇಷ್ಟು. ಪರಮಶಿವಯ್ಯನವರು ಜೀನಸಿ ಅಂಗಡಿ ಇಟ್ಟವರು, ಮಾತು ಬೆಲ್ಲ, ಕೈ ಮಾತ್ರ ಬಲು ಬಿಗಿ. ಅವರ ಆರೂ ಮನೆಗಳಿಗೆ ಅಜ್ಜನ ಕಾಲದ ನಾಡಹೆಂಚು, ಮಳೆ ಬಂದರೆ ಒಳಗೂ ಹೊರಗೂ ಒಂದೇ. ಇಸ್ಮಾಯಿಲ್ ಸಾಬರು ಐವತ್ತೈದರಲ್ಲಿ ಮೊದಲನೇ ಮನೆಗೆ ತಿಂಗಳಿಗೆ ಎಂಟು ರೂಪಾಯಿಗೆ ಬಂದರು. ಹೆಂಚಿನವನ ಮನೆಯೇ ಸೋರಿದರೆ ಊರವರು ಕೆಲಸ ಕೊಟ್ಟಾರೆಯೇ ಎಂದು ಮರ್ಯಾದೆಗೆ ಅಂಜಿ, ವರ್ಷವಿಡೀ ತಂದು ಕೂಡಿಹಾಕಿದ ಮಂಗಳೂರು ಹೆಂಚನ್ನು ಆ ಮನೆಗೆ ಹೊದಿಸಿದರು. ಯುಗಾದಿ ಕಳೆಯಿತು. ಪರಮಶಿವಯ್ಯನವರು ಕೊಡೆ ಬಗಲಲ್ಲಿ ಇಟ್ಟುಕೊಂಡು ಬಂದು, ಕತ್ತೆತ್ತಿ ನೋಡಿ, ಕಣ್ಣು ಅಗಲಿಸಿದರು.

"ಭೇಷ್ ಸಾಬ್ರೆ! ಮನೆ ಈಗ ಅರಮನೆ ಆಗೋಯ್ತು. ಇನ್ನು ಇದು ಎಂಟು ರೂಪಾಯಿ ಮನೆ ಅಲ್ಲ ಬಿಡಿ, ಹದಿನಾಲ್ಕು."

"ಹದಿನಾಲ್ಕು ಎಲ್ಲಿಂದ ತರ್ಲಿ ಸ್ವಾಮಿ? ಹೆಂಚು ನಂದೇ ಅಲ್ವಾ? ಹೆಂಚಿನ ದುಡ್ಡಾದ್ರೂ ಕೊಡಿ."

"ದುಡ್ಡಾ? ಹೊದಿಸು ಅಂತ ನಾನ್ ಹೇಳಿದ್ನಾ? ನಿನ್ನ ಹೆಂಚು ನಿಂಗೇ ಇರ್ಲಿ ಕಣೋ, ಬೇಕಾದಾಗ ತಗಂಡೋಗು. ಪಕ್ಕದ ಮನೆ ಎಂಟಕ್ಕೇ ಐತೆ, ನಿನಗೋಸ್ಕರ ಖಾಲಿ ಇಟ್ಟಿದ್ದೀನಿ."

ಪಕ್ಕದ ಮನೆ ಸೋರುತ್ತಿತ್ತು. ಇವರು ಅಲ್ಲಿಗೆ ಹೋದರು, ಅದನ್ನೂ ಹೊದಿಸಿದರು. ಮರುವರ್ಷ ಮೂರನೆಯದು. ಹೀಗೆ ಸಾಲು ಹಿಡಿದು, ಸೋರುವ ಮನೆಗೆ ಹೋಗುವುದು, ಅದನ್ನು ಸರಿ ಮಾಡುವುದು, ಸರಿ ಮಾಡಿದ ತಪ್ಪಿಗೆ ಎದ್ದು ಹೋಗುವುದು. ಪ್ರತಿ ಸಲವೂ ಇವರು ಹೆಂಚಿನ ಮಾತೆತ್ತುವುದು, ಅವರು ಸಾಲಿನವರೆಲ್ಲ ಕೇಳುವಂತೆ "ಬೇಕಾದಾಗ ತಗಂಡೋಗು" ಎನ್ನುವುದು.

"ಅಲ್ಲಾ ಕಣೇ ಜೈನಾಬಿ, ನಿನ್ನ ಗಂಡನಿಗೆ ಬುದ್ಧಿ ಬೇಡವಾ?" ಎಂದು ನಾನು ಸಿಡುಕಿದೆ.

"ಬುದ್ಧಿ ಐತಮ್ಮ. ಕೈ ಕೇಳಲ್ಲ" ಎಂದಳು.

ನಾನು ಹದಿನಾಲ್ಕು ಕೊಟ್ಟು ಬೆಚ್ಚಗೆ ಮಲಗುತ್ತಿದ್ದೆ. ಹೆಂಚು ಹೊದಿಸಿದವರು ಪಕ್ಕದ ಗೋಡೆಯ ಆಚೆ ನೆನೆಯುತ್ತಿದ್ದರು. ಆ ವರ್ಷದ ಮಳೆಗಾಲದಲ್ಲಿ ಗೋಡೆಯಾಚೆಯಿಂದ ಪಾತ್ರೆಗಳಿಗೆ ನೀರು ತೊಟ್ಟಿಕ್ಕುವ ಸದ್ದು ಕೇಳಿದಾಗೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ನಾಲ್ಕನೆಯದು ಮುಗಿಯಿತು, ಐದನೆಯದೂ ಮುಗಿಯಿತು. ಅರವತ್ತರಲ್ಲಿ ಆರನೆಯದಕ್ಕೆ ಹೋದರು. ಕೋಳಿ ಐದನೆಯದಕ್ಕೆ ಹೋಗಿ ಮೊಟ್ಟೆ ಇಡುತ್ತಿತ್ತು. ಸಾಲಿನಲ್ಲಿ ಏಳನೇ ಮನೆ ಇರಲಿಲ್ಲ.

ಜೈನಾಬಿಗೆ ಅದು ಚೆನ್ನಾಗಿ ಗೊತ್ತಿತ್ತು. ಊರಲ್ಲಿ ಬೇರೆ ಕಡೆ ಹದಿನೈದಕ್ಕೆ ಕಡಿಮೆ ಮನೆ ಇಲ್ಲ, ಇದ್ದರೂ ಆರು ತಿಂಗಳ ಮುಂಗಡ. ಆರನೇ ಮನೆಯಲ್ಲಿ ಕಾಲೂರಿ ನಿಲ್ಲಲೇಬೇಕು, ನಿಲ್ಲಬೇಕಾದರೆ ಅದು ಸೋರುತ್ತಲೇ ಇರಬೇಕು. ಗಂಡನನ್ನು ಎದುರಿಗೆ ಕೂರಿಸಿಕೊಂಡು, ಮಗಳು ತಾಹಿರಾಳ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಳು, ನನ್ನನ್ನು ಸಾಕ್ಷಿಗೆ ಕರೆದಳು.

"ಒಂದು ಹೆಂಚು ಮುಟ್ಟಿದ್ರೆ ನೋಡಿ! ಸರಿ ಮಾಡಿದ್ರೆ ಬಾಡಿಗೆ ಏರ್ತೈತೆ. ಸೋರ್ಲಿ. ಏನಾಗ್ತೈತೆ ಸೋರಿದ್ರೆ?"

ಇಸ್ಮಾಯಿಲ್ ಸಾಬರು ತಲೆ ತಗ್ಗಿಸಿ ಒಪ್ಪಿಕೊಂಡರು. ಪಾಪ, ಆ ಮಳೆಗಾಲ ಅವರು ಪಟ್ಟ ಪಾಡು ಯಾವ ಶತ್ರುವಿಗೂ ಬೇಡ. ತಲೆ ಮೇಲೆ ಹನಿ ಬಿದ್ದಾಗಲೆಲ್ಲ ಕೈ ಮೇಲಕ್ಕೆ ಹೋಗುತ್ತಿತ್ತು, ಜೈನಾಬಿ ಕೆಮ್ಮುತ್ತಿದ್ದಳು, ಕೈ ಕೆಳಗೆ ಬರುತ್ತಿತ್ತು. ಅನ್ನದ ತಟ್ಟೆಗೆ ಹನಿ ಬಿದ್ದರೆ ತಟ್ಟೆ ಸರಿಸಿಕೊಂಡು ಉಣ್ಣುತ್ತಿದ್ದರು. ಮನುಷ್ಯ ಅರ್ಧಕ್ಕರ್ಧ ಇಳಿದುಹೋದರು. ಹಿತ್ತಲಲ್ಲಿ ಮಾತ್ರ ಎಸ್ಟೇಟಿನ ಹೆಂಚಿನ ರಾಶಿ ಬೆಳೆಯುತ್ತಲೇ ಇತ್ತು.

ಮಾಘದಲ್ಲಿ ಜೈನಾಬಿ ತಂಗಿ ಶಹರ್ ಬಾನುವಿನ ಮದುವೆಗೆಂದು ಮಗಳನ್ನು ಕರೆದುಕೊಂಡು ಸಕಲೇಶಪುರಕ್ಕೆ ಹೋದಳು. ಎಂಟೇ ದಿನ. ಬಸ್ಸು ಮರೆಯಾಗುವುದಕ್ಕೂ ಇಲ್ಲಿ ಏಣಿ ಗೋಡೆಗೆ ತಾಗುವುದಕ್ಕೂ ಸರಿಹೋಯಿತು. ನಾನು ಓಡಿ ಹೋಗಿ ಕೂಗಿದೆ. "ಸಾಬ್ರೆ, ಆಣೆ ಮಾಡಿದ್ದೀರಿ!"

"ಮುಟ್ಟಲ್ಲ ಅಮ್ಮಾವ್ರೆ, ಸುಮ್ನೆ ನೋಡ್ತೀನಿ ಅಷ್ಟೇ" ಎಂದರು ಸೂರಿನ ಮೇಲಿಂದ. ಜೈನಾಬಿ ವಾಪಸು ಬಂದಾಗ ಹಳೇ ನಾಡಹೆಂಚು ಒಂದೂ ಇರಲಿಲ್ಲ. ಅವಳು ಮನೆಯೊಳಗೆ ನಿಂತು ಮೇಲೆ ನೋಡಿದಳು. ಆನೆ, ನವಿಲು, ದೋಣಿ, ನಕ್ಷತ್ರ ಎಲ್ಲ ಸಾಲಾಗಿ ಕೂತಿದ್ದವು. ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಮದುವೆಯಿಂದ ತಂದ ಮಿಠಾಯಿ ಗಂಟನ್ನು ಗಂಡನ ಕೈಗೆ ಕೊಟ್ಟು, ಮೂಲೆಯಲ್ಲಿ ಮುಸುಕು ಹಾಕಿಕೊಂಡು ಮಲಗಿಬಿಟ್ಟಳು.

ಯುಗಾದಿಯ ನಂತರ ಕೊಡೆ ಬಂತು, ಕೊಡೆಯ ಜೊತೆ ಪರಮಶಿವಯ್ಯನವರು. ಕತ್ತೆತ್ತಿದರು, ಕಣ್ಣು ಅಗಲಿಸಿದರು, ಹದಿನಾಲ್ಕು ಎಂದರು. ಆಗದಿದ್ದರೆ ಮೇ ತಿಂಗಳ ಕೊನೆಗೆ ಖಾಲಿ ಮಾಡಬೇಕು, ಯಾರೋ ಮೇಷ್ಟ್ರು ಬರುವವರಿದ್ದಾರೆ.

"ಈಗ ಪಕ್ಕದ ಮನೆ ಯಾವುದು ಸ್ವಾಮಿ?" ಎಂದು ಜೈನಾಬಿ ಕೇಳಿದಳು.

ಆ ಕಡೆ ಇದ್ದದ್ದು ಅವರದೇ ಹಾಳು ಜಾಗ, ಕಲ್ಲುಗುಡ್ಡೆ, ಲಂಟಾನ ಪೊದೆ. ಪರಮಶಿವಯ್ಯನವರು ಅತ್ತ ಒಮ್ಮೆ ನೋಡಿ, "ಅದೇನೋ ನಂಗೊತ್ತಿಲ್ಲಮ್ಮ" ಎಂದು ಹೊರಟುಹೋದರು.

ಮೇ ತಿಂಗಳೆಲ್ಲ ಅವರಿಬ್ಬರೂ ಮನೆ ಹುಡುಕಿದರು. ಸಿಗಲಿಲ್ಲ. ಹೆಂಚಿನ ರಾಶಿ ಖರ್ಚಾಗಿತ್ತು, ಮಾರೋಣವೆಂದರೆ ಎಲ್ಲ ಪರಮಶಿವಯ್ಯನವರ ಸೂರಿನ ಮೇಲೆ. ಖಾಲಿ ಮಾಡಲು ನಾಲ್ಕು ದಿನ ಇರುವಾಗ ಮುಂಗಾರಿನ ಮೋಡ ಕಟ್ಟತೊಡಗಿತು. ಆ ಬೆಳಗ್ಗೆ ನಾನು ಹೋದಾಗ ಜೈನಾಬಿ ಗಂಟು ಕಟ್ಟುತ್ತಿದ್ದವಳು ಅಲ್ಲಿಗೇ ಬಿಟ್ಟು ಗಂಡನ ಮುಂದೆ ನಿಂತಿದ್ದಳು.

"ಅವರೇ ಹೇಳವ್ರೆ, ಬೇಕಾದಾಗ ತಗಂಡೋಗು ಅಂತ. ಈಗ ಬೇಕು. ಆರೂ ಮನೇದು ಇಳಿಸಿ. ಮಾರಿದ್ರೆ ಎಲ್ಲಾದ್ರೂ ಮುಂಗಡಕ್ಕೆ ಆಗ್ತೈತೆ."

"ಆಗಲ್ಲ ಕಣೇ. ಆ ಮನೆಗಳಲ್ಲಿ ಮಕ್ಕಳು ಮರಿ ಮಲಗ್ತಾವೆ, ಮೋಡ ನೋಡಿದ್ಯಾ? ನಾನು ಸೂರು ಹಾಕೋನು, ಕೀಳೋನಲ್ಲ."

"ಹಂಗಾದ್ರೆ ನಮ್ಮ ತಾಹಿರಾ ಎಲ್ಲಿ ಮಲಗ್ತಾಳೆ? ಹೇಳಿ. ಆರು ಮನೆಗೆ ಸೂರು ಹಾಕಿದ್ರಲ್ಲ, ನಮ್ಮ ಮಗು ಎಲ್ಲಿ ಮಲಗ್ಬೇಕು?"

ಅಷ್ಟು ಎತ್ತರದ ಮನುಷ್ಯ ಗೋಡೆಗೆ ಒರಗಿ ಕುಸಿದು ಕೂತರು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಸುಳ್ಳಲ್ಲ. ಅವತ್ತು ಅದು ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಪರಮಶಿವಯ್ಯನವರಿಗಿಂತ ಹೆಚ್ಚಾಗಿ ನನ್ನ ಮೇಲೆಯೇ. ಮೂರು ವರ್ಷ ಇವರ ಹೆಂಚಿನ ಕೆಳಗೆ ಒಣಗಿದ ಬಟ್ಟೆ ಉಟ್ಟವಳು ನಾನು.

"ಏಳಿ ಸಾಬ್ರೆ, ಏಣಿ ತನ್ನಿ. ಬೇರೆಯವರ ಮನೆ ಬೇಡ ಅಂದ್ರೆ ಬೇಡ. ನಮ್ಮನೇದು ಬಿಚ್ಚಿ. ನಾನೇ ಹೇಳ್ತಿದ್ದೀನಿ."

"ಅಯ್ಯೋ ಅಮ್ಮಾವ್ರೆ, ನಿಮ್ಮ ಯಜಮಾನ್ರು..."

"ಅವರು ಕಚೇರೀಲಿದ್ದಾರೆ. ಕಚೇರಿಗೆ ಸೂರು ಐತೆ. ಏಳ್ತೀರೋ, ನಾನೇ ಹತ್ತಲೋ?"

ನಾನು ಸೀರೆ ಎತ್ತಿ ಸಿಕ್ಕಿಸಿದ್ದು ಕಂಡು ಅವರು ಗಾಬರಿಯಿಂದ ಎದ್ದರು. ಅಡುಗೆಮನೆಯ ಮೇಲಿನ ಹೆಂಚುಗಳನ್ನು ಒಂದೊಂದಾಗಿ ಎತ್ತಿ ಕೊಟ್ಟರು, ಜೈನಾಬಿಯೂ ನಾನೂ ಕೈಯಿಂದ ಕೈಗೆ ದಾಟಿಸಿ ಅಂಗಳದಲ್ಲಿ ಜೋಡಿಸಿದೆವು. ಪ್ರತಿ ಹೆಂಚು ಎತ್ತುವಾಗಲೂ ಅವರು ಏನೋ ಗೊಣಗುತ್ತಿದ್ದರು. ಹೆಂಚಿನ ಹತ್ತಿರ ಕ್ಷಮೆ ಕೇಳುತ್ತಿದ್ದರು ಎಂದು ಜೈನಾಬಿ ಆಮೇಲೆ ಹೇಳಿದಳು.

ಅರ್ಧ ಅಡುಗೆಮನೆ ಬಯಲಾಗುವ ಹೊತ್ತಿಗೆ ಸುದ್ದಿ ಅಂಗಡಿಗೆ ಮುಟ್ಟಿ ಪರಮಶಿವಯ್ಯನವರು ಚಪ್ಪಲಿ ಇಲ್ಲದೆ ಓಡಿ ಬಂದರು. ಕೊಡೆ ಮಾತ್ರ ಬಿಟ್ಟಿರಲಿಲ್ಲ.

"ಏನ್ಲಾ ಮಾಡ್ತಿದ್ದೀಯಾ ಇಸ್ಮಾಯಿಲ್! ನನ್ನ ಮನೆ ಕಿತ್ತಾಕ್ಬುಟ್ಟೆಯಲ್ಲೋ!"

"ಮನೆ ಕೀಳ್ತಿಲ್ಲ ಸ್ವಾಮಿ. ಗೋಡೆ ನಿಮ್ಮದು, ಅಲ್ಲೇ ಐತೆ. ಹೆಂಚು ಅವರದು. ಬೇಕಾದಾಗ ತಗಂಡೋಗು ಅಂತ ನೀವು ಎಷ್ಟು ಸಲ ಹೇಳಿಲ್ಲ?" ಎಂದೆ ನಾನು.

ಮೊದಲನೇ ಮನೆಯ ಕಲ್ಯಾಣಮ್ಮ ಹೊರಗೆ ಬಂದರು. ವಯಸ್ಸಾದವರು, ಮಾತು ಕಡಿಮೆ. "ಹೌದು, ಹೇಳಿದ್ರು. ವರ್ಷಾ ವರ್ಷಾ. ನಾನೇ ಕೇಳಿದ್ದೀನಿ" ಎಂದರು. ಆಮೇಲೆ ಸೂರಿನ ಕಡೆ ತಿರುಗಿ, "ಸಾಬಣ್ಣ, ಅಲ್ಲಿ ಮುಗಿದ ಮೇಲೆ ನಮ್ಮನೇಗೂ ಬಾರಪ್ಪ. ಹದಿನಾಲ್ಕು ರೂಪಾಯಿ ಕೊಟ್ಟು ಕೊಟ್ಟು ಸಾಕಾಗೈತೆ, ನಾಡಹೆಂಚೇ ಹಾಕಿ ಎಂಟು ಕೊಡ್ತೀನಿ" ಎಂದರು. ನಡುವಿನ ಮನೆಗಳವರೂ ಬಾಗಿಲಿಗೆ ಬಂದು ನಮ್ಮದೂ ಬಿಚ್ಚಿ, ನಮ್ಮದೂ ಬಿಚ್ಚಿ ಎಂದು ಕೂಗಿದರು. ಮಳೆ ಮೋಡ ತಲೆಯ ಮೇಲಿದ್ದರೂ ಯಾರಿಗೂ ಹೆದರಿಕೆ ಇದ್ದಂತೆ ಕಾಣಲಿಲ್ಲ, ಬಾಡಿಗೆ ಇಳಿಯುತ್ತದೆ ಎಂದರೆ ಜನಕ್ಕೆ ಎಲ್ಲಿಲ್ಲದ ಧೈರ್ಯ ಬರುತ್ತದೆ.

ಪರಮಶಿವಯ್ಯನವರ ಮುಖ ಕೆಂಪಾಯಿತು. "ಬಿಚ್ಚಿಕೊಂಡು ಹೋಗ್ರಿ! ಮಂಗಳೂರಿಂದ ಒಂದು ಲಾರಿ ಹೊಸ ಹೆಂಚು ತರಿಸ್ತೀನಿ. ನಾಳೇನೇ ಹೆಂಚಿನ ಕೆಲಸದೋನ್ನ ಕರೆಸಿ ಹೊದಿಸ್ತೀನಿ!"

"ಯಾರನ್ನ ಕರೆಸ್ತೀರಿ?" ಎಂದು ಕಲ್ಯಾಣಮ್ಮ ಕೇಳಿದರು.

ಎಲ್ಲರೂ ಸೂರಿನ ಕಡೆ ನೋಡಿದೆವು. ಪರಮಶಿವಯ್ಯನವರೂ ನೋಡಿದರು. ಮೇಲೆ ಕೈಯಲ್ಲಿ ಒಂದು ಹೆಂಚು ಹಿಡಿದು ನಿಂತಿದ್ದ ಇಸ್ಮಾಯಿಲ್ ಸಾಬರು ಸಂಕೋಚದಿಂದ, "ಕರೆದ್ರೆ ಬರ್ತೀನಿ ಸ್ವಾಮಿ" ಎಂದರು. ಪಾಪ, ತಮಾಷೆಗೆ ಅಂದದ್ದಲ್ಲ, ನಿಜವಾಗಿಯೂ ಬರುತ್ತಿದ್ದರು.

ಅದೇ ಹೊತ್ತಿಗೆ ನಮ್ಮ ಯಜಮಾನರು ಊಟಕ್ಕೆ ಬಂದರು. ಒಳಗೆ ಹೋದರು. ಅಡುಗೆಮನೆಯಲ್ಲಿ ಆಕಾಶ ನೋಡಿದರು. ಹೊರಗೆ ಬಂದು, "ಊಟ ಆಗಿದೆಯಾ, ಇಲ್ಲ ಅದನ್ನೂ ಇಳಿಸಿಬಿಟ್ಟಿರಾ?" ಎಂದು ನನ್ನನ್ನು ಕೇಳಿದರು. ಗುಡುಗಿತು. ಎರಡು ದೊಡ್ಡ ಹನಿ ಪರಮಶಿವಯ್ಯನವರ ಬೋಳುತಲೆಯ ಮೇಲೆ ಬಿದ್ದವು, ಅವರಿಗೆ ಕೊಡೆ ಬಿಚ್ಚುವ ನೆನಪೂ ಬರಲಿಲ್ಲ.

ಕೊನೆಗೆ ಇತ್ಯರ್ಥ ಮಾಡಿದ್ದು ಅವರ ಹೆಂಡತಿ ವಿಶಾಲಮ್ಮ. ಗಂಡ ಬರಿಗಾಲಲ್ಲಿ ಓಡಿದ್ದು ಕಂಡು ಚಪ್ಪಲಿ ಹಿಡಿದುಕೊಂಡು ಬಂದಿದ್ದರು. "ರೀ, ಆ ಕಲ್ಲುಗುಡ್ಡೆ ಅವರಿಗೆ ಬರೆದುಕೊಟ್ಟು ಹೆಂಚು ಉಳಿಸ್ಕಳ್ರಿ. ಅಲ್ಲಿ ಹಾವು ಬಿಟ್ಟು ಏನೂ ಬೆಳೆಯಲ್ಲ. ಆರು ಮನೆ ನೆಂದು ಹೋದ್ರೆ ಗೋಡೆನೂ ನಿಲ್ಲಲ್ಲ" ಎಂದು ಚಪ್ಪಲಿಯನ್ನು ಅವರ ಕಾಲ ಬಳಿ ಇಟ್ಟರು. ಪರಮಶಿವಯ್ಯನವರು ಚಪ್ಪಲಿ ಮೆಟ್ಟಿಕೊಂಡರು, ಮೋಡ ನೋಡಿದರು, "ಆಯ್ತು, ಕೊಟ್ಟೆ, ಮೊದಲು ಹೊದಿಸೋ!" ಎಂದರು.

ನಮ್ಮ ಯಜಮಾನರು ಯಾರ ಜೊತೆಗೂ ಜೋರಾಗಿ ಮಾತಾಡಿದವರಲ್ಲ. ಅವತ್ತು ಮಾತಾಡಿದರು. "ಬಾಯಿಮಾತು ಬೇಡ ಯಜಮಾನ್ರೆ. ಬಾಯಿಮಾತಿನಿಂದಲೇ ಇವತ್ತು ನನ್ನ ಅಡುಗೆಮನೆಗೆ ಸೂರಿಲ್ಲ. ಕಾಗದ ಆಗಲಿ" ಎಂದು ಜಗುಲಿಯಲ್ಲೇ ಕೂತು ಕರಡು ಬರೆದರು. ಹೆಂಚು ಅಲ್ಲೇ ಇರತಕ್ಕದ್ದು, ಜಾಗ ಜೈನಾಬಿಯ ಹೆಸರಿಗೆ, ಮನೆ ಏಳುವ ತನಕ ಆರನೇ ಮನೆಯಲ್ಲಿ ಎಂಟು ರೂಪಾಯಿಗೆ ವಾಸ. ಜೈನಾಬಿಯ ಹೆಸರಿಗೆ ಎಂದು ಸೇರಿಸಿದವಳು ನಾನು. ಗಂಡನ ಹೆಸರಿಗೆ ಮಾಡಿದರೆ ಯಾರಾದರೂ ಸೋರುವ ಮನೆ ತೋರಿಸಿ ಜಾಗ ಹೊಡೆದುಕೊಳ್ಳುತ್ತಾರೆ ಎಂಬ ಭಯ ನನಗಿತ್ತು. ಇಸ್ಮಾಯಿಲ್ ಸಾಬರಿಗೆ ಅದ್ಯಾವುದೂ ಬೇಕಾಗಿರಲಿಲ್ಲ, ಅವರು ಮಳೆ ಜೋರಾಗುವ ಮೊದಲು ನನ್ನ ಅಡುಗೆಮನೆ ಮುಚ್ಚಿ ಮುಗಿಸಿದ್ದರು. ಅವತ್ತು ಅವರ ಮುಖದಲ್ಲಿದ್ದ ಸಂತೋಷ ಜಾಗ ಸಿಕ್ಕಿದ್ದಕ್ಕೋ, ಹೆಂಚು ವಾಪಸು ಹೊದಿಸಿದ್ದಕ್ಕೋ, ನನಗೆ ಇನ್ನೂ ಗೊತ್ತಿಲ್ಲ.

ಮರುವಾರ ರಿಜಿಸ್ಟರ್ ಆಯಿತು. ಆಮೇಲೆ ನೋಡಿ ಮಜಾ. ಜಾಗ ಬಂತು, ಹೆಂಚು ಹೋಯಿತು. ಗಂಡ ಹೆಂಡತಿ ಸೇರಿ ಲಂಟಾನ ಕಡಿದು, ಕಲ್ಲು ಆರಿಸಿ, ಬೇಸಿಗೆಯಲ್ಲಿ ಮಣ್ಣಿನ ಗೋಡೆ ಎಬ್ಬಿಸಿದರು. ಎರಡು ಕೋಣೆ, ಒಂದು ಜಗುಲಿ. ಮೇಲೆ ಹಾಕಲು ಏನೂ ಇರಲಿಲ್ಲ, ಹುಲ್ಲು ಹೊದಿಸಿದರು. ಊರಿಗೆಲ್ಲ ಹೆಂಚು ಹೊದಿಸುವವರ ಮನೆಗೆ ಹುಲ್ಲಿನ ಸೂರು! ಬಸ್ಸಿನಲ್ಲಿ ಹೋಗುವವರೂ ತೋರಿಸಿ ನಗುತ್ತಿದ್ದರು. ಮರ್ಯಾದೆಗೆ ಅಂಜುತ್ತಿದ್ದ ಮನುಷ್ಯ ಈಗ ಜಗುಲಿಯಲ್ಲಿ ಕೂತು ಅವರಿಗೆಲ್ಲ ಕೈ ಬೀಸುತ್ತಿದ್ದರು. ಕೋಳಿ ಒಂದು ತಿಂಗಳು ಆರನೇ ಮನೆಯ ಮೇಷ್ಟ್ರ ಕುರ್ಚಿಯ ಮೇಲೆ ಮೊಟ್ಟೆ ಇಟ್ಟು ಆಮೇಲೆ ಹೊಸ ಮನೆಗೆ ಒಗ್ಗಿಕೊಂಡಿತು.

ನಾವು ಅದೇ ಮೂರನೇ ಮನೆಯಲ್ಲಿ ಇನ್ನೂ ಒಂಬತ್ತು ವರ್ಷ ಬಾಡಿಗೆ ಕಟ್ಟಿದೆವು. ಅಷ್ಟು ದುಡ್ಡಿಗೆ ನಮ್ಮದು ಅಂತ ಉಳಿದದ್ದು ಒಂದು ಮೊಳೆಯೂ ಇಲ್ಲ. ಜೈನಾಬಿಯ ಜಗುಲಿಯಲ್ಲಿ ಕೂತಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವಳೂ ಅದನ್ನು ಬಲ್ಲವಳಾಗಿ ನನಗೆ ಎರಡು ಲೋಟ ಚಹಾ ಕೊಡುತ್ತಿದ್ದಳು.

ಎಸ್ಟೇಟುಗಳಿಂದ ಹತ್ತು, ಇಪ್ಪತ್ತು ಎಂದು ಹೆಂಚು ತಂದು ತಂದು ಅರವತ್ತನಾಲ್ಕರಲ್ಲಿ ಹುಲ್ಲು ಇಳಿಸಿ ಹೆಂಚು ಹಾಕಿದರು. ಅಷ್ಟು ಮುದ್ರೆಗಳು ಯಾವ ಸೂರಿನಲ್ಲೂ ಇರಲಿಲ್ಲ. ಆ ವರ್ಷದ ಆಷಾಢ, ಒಂದು ಮಧ್ಯಾಹ್ನ. ಬೆಳಗ್ಗೆ ಕೋತಿಗಳ ಹಿಂಡು ಸೂರಿನ ಮೇಲೆ ಕುಣಿದು ಹೋಗಿತ್ತು. ನಾನು, ಜೈನಾಬಿ, ತಾಹಿರಾ ಒಳಗೆ ಕೂತು ಅಕ್ಕಿ ಆರಿಸುತ್ತಿದ್ದೆವು. ಇಸ್ಮಾಯಿಲ್ ಸಾಬರು ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದರು. ಮಳೆ ಹಿಡಿಯಿತು. ಟಪ್ಪೆಂದು ಒಂದು ಹನಿ ಅವರ ಲೋಟದೊಳಗೇ ಬಿತ್ತು.

ಅವರು ಮೇಲೆ ನೋಡಿದರು. ಹೆಂಚೊಂದು ಜಾರಿತ್ತು. ಅವರ ಕೈ ಮೇಲಕ್ಕೆ ಹೋಯಿತು, ಅಲ್ಲೇ ನಿಂತಿತು, ಮೆಲ್ಲಗೆ ಕೆಳಗೆ ಬಂತು. ಜೈನಾಬಿಯ ಕಡೆ ಕಳ್ಳನ ಹಾಗೆ ನೋಡಿ, ಲೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡು ಕುಡಿಯತೊಡಗಿದರು.

ಜೈನಾಬಿ ಮೊರ ಕೆಳಗಿಟ್ಟಳು.

"ಯಾಕ್ರೀ, ಸುಮ್ನೆ ಕೂತ್ರಿ?"

"ನೀನೇ ಅಂದಿದ್ದೆಯಲ್ಲ" ಎಂದರು ಅವರು ಸಣ್ಣ ದನಿಯಲ್ಲಿ. "ಸರಿ ಮಾಡಿದ್ರೆ ಬಾಡಿಗೆ ಏರ್ತೈತೆ ಅಂತ."

ಜೈನಾಬಿ ನಗತೊಡಗಿದಳು. ಅಕ್ಕಿಯೆಲ್ಲ ಚೆಲ್ಲುವಷ್ಟು ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ಆಮೇಲೆ ನೋಡಿದರೆ ನಗು ನಿಂತಿತ್ತು, ಕಣ್ಣೀರು ನಿಂತಿರಲಿಲ್ಲ. ತಾಹಿರಾ ಗಾಬರಿಯಾಗಿ ತಾಯಿಯ ತೋಳು ಹಿಡಿದಳು.

"ಹತ್ತಿ ಮಾರಾಯ್ರೆ, ಹತ್ತಿ" ಎಂದಳು ಜೈನಾಬಿ. "ಎಷ್ಟು ಬೇಕೋ ಅಷ್ಟು ಸರಿ ಮಾಡಿ. ಇದಕ್ಕೆ ಯಾರೂ ಬಾಡಿಗೆ ಏರ್ಸಲ್ಲ."

ಅವರು ಲೋಟ ಕೆಳಗಿಟ್ಟು, ಮಳೆಯಲ್ಲೇ ಏಣಿ ತರಲು ಓಡಿದರು.